ತುಂಗಭದ್ರೆಯ ಬಲದಂಡೆಯಲ್ಲಿ ತ್ಯಾಜ್ಯದ ಚರಿತ್ರೆ: ತಿಪ್ಪೆಯಿಂದ ಜಲಾಶಯದವರೆಗೆ

ಕರ್ನಾಟಕದ ಪ್ರಾದೇಶಿಕ ಇತಿಹಾಸದ ಅಧ್ಯಯನಗಳಲ್ಲಿ ಶಾಸನ, ದೇವಾಲಯ, ಪಾಳೆಯಪಟ್ಟು ಮತ್ತು ನೀರಾವರಿಗೆ ದೊರೆತಿರುವ ಸ್ಥಾನ ತ್ಯಾಜ್ಯಕ್ಕೆ ದೊರೆತಿಲ್ಲ. ಒಂದು ಸಮಾಜವು ತಾನು ಬಳಸಿ ಬಿಟ್ಟದ್ದನ್ನು ಎಲ್ಲಿ ಹಾಕಿತು, ಅದನ್ನು ಯಾರು ಹೊತ್ತರು, ಅದರ ಫಲವನ್ನು ಯಾರು ಉಂಡರು, ಅದರ ಬಾಧೆಯನ್ನು ಯಾರು ಅನುಭವಿಸಿದರು ಎಂಬ ಪ್ರಶ್ನೆಗಳೂ ಇತಿಹಾಸದ ಪ್ರಶ್ನೆಗಳೇ ಆಗಿವೆ. ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಹಾಗೂ ಕೊಟ್ಟೂರು ಸೀಮೆಯನ್ನೂ ಅದರ ಅಂಚಿನಲ್ಲಿ ಹರಿಯುವ ತುಂಗಭದ್ರಾ ನದಿಯನ್ನೂ ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೀಮೆ ಮತ್ತು ನದಿ

ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಸಂಗಮಿಸುತ್ತವೆ. ಅಲ್ಲಿಂದ ಮುಂದೆ ಹೊನ್ನಾಳಿ, ಹರಿಹರಗಳನ್ನು ದಾಟಿದ ತುಂಗಭದ್ರೆಯು ಹರಪನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳನ್ನು ತನ್ನ ಬಲದಂಡೆಯಲ್ಲಿರಿಸಿಕೊಂಡು ಹರಿಯುತ್ತದೆ. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯ, ಮೈಲಾರಲಿಂಗನ ಕ್ಷೇತ್ರವಾದ ಮೈಲಾರ, ಮದಲಗಟ್ಟಿಯ ಆಂಜನೇಯ ಸನ್ನಿಧಿ ಇವೆಲ್ಲ ಈ ದಂಡೆಯ ಮೇಲಿವೆ. ಅನಂತರ ನದಿಯು ಹೊಸಪೇಟೆಯ ಸಮೀಪದ ತುಂಗಭದ್ರಾ ಜಲಾಶಯವನ್ನು ಸೇರುತ್ತದೆ. 1945ರಲ್ಲಿ ಕಾಮಗಾರಿ ಆರಂಭವಾಗಿ 1953ರಲ್ಲಿ ನೀರು ನಿಂತ ಈ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನೊಳಗೆ ಚಾಚಿಕೊಂಡಿದೆ. ಚಿಕ್ಕಹಗರಿಯು ಈ ತಾಲ್ಲೂಕಿನ ಮೂಲಕ ಹರಿದು ಅದೇ ನೀರನ್ನು ಸೇರುತ್ತದೆ. ಕೂಡ್ಲಿಗಿ ಮತ್ತು ಕೊಟ್ಟೂರು ಮಾತ್ರ ನದಿಯಿಂದ ದೂರವಿರುವ, ಮಳೆ ಮತ್ತು ಕೆರೆಗಳನ್ನೇ ನಂಬಿದ ಬಯಲು ನಾಡು.

ಈ ನದಿಯ ಆಡಳಿತಾತ್ಮಕ ಚರಿತ್ರೆಯಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹರಿಹರವು ಮೈಸೂರು ಸಂಸ್ಥಾನದಲ್ಲಿಯೂ, ಎದುರು ದಂಡೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿಯೂ, ಕೆಳಹರಿವಿನ ಹರಪನಹಳ್ಳಿ ಮತ್ತು ಹಡಗಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1956ರಲ್ಲಿ ಈ ಭಾಗದ ಎರಡೂ ದಂಡೆಗಳು ಒಂದೇ ರಾಜ್ಯದವಾದವು. ಆದರೂ ನದಿಯು ಜಿಲ್ಲೆಗಳ ಗಡಿಯಾಗಿಯೇ ಉಳಿಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಗಡಿಯಾದ ನದಿಯಲ್ಲಿ ಒಂದು ದಂಡೆಯ ಕೃತ್ಯಕ್ಕೆ ಇನ್ನೊಂದು ದಂಡೆಯವರು, ಮೇಲಿನವರ ಕೃತ್ಯಕ್ಕೆ ಕೆಳಗಿನವರು ಉತ್ತರ ಕೇಳಬೇಕಾದ ಕಚೇರಿ ಸದಾ ಬೇರೆಯೇ ಆಗಿರುತ್ತದೆ. ಮುಂದಿನ ವಿವೇಚನೆಗೆ ಈ ಸಂಗತಿ ಹಿನ್ನೆಲೆಯಾಗಿದೆ.

ತಿಪ್ಪೆಯ ವ್ಯವಸ್ಥೆ

ಈ ಸೀಮೆಯ ಒಣ ಬೇಸಾಯದಲ್ಲಿ ತ್ಯಾಜ್ಯವೆಂಬ ಪ್ರತ್ಯೇಕ ಕಲ್ಪನೆಗೆ ಹೆಚ್ಚಿನ ಅವಕಾಶವಿರಲಿಲ್ಲ. ದನದ ಸಗಣಿ, ಗಂಜಲ ನೆನೆದ ಕಸ, ಒಲೆಯ ಬೂದಿ, ಮೇವಿನ ಉಳಿಕೆಗಳು ತಿಪ್ಪೆಯನ್ನು ಸೇರುತ್ತಿದ್ದವು. ಬೇಸಿಗೆಯಲ್ಲಿ ತಿಪ್ಪೆ ತೆಗೆದು ಬಂಡಿಗಳಲ್ಲಿ ಹೊಲಕ್ಕೆ ಸಾಗಿಸುವುದು ಬಿತ್ತನೆಯ ಮೊದಲ ಸಿದ್ಧತೆಯಾಗಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಿ, ಕುರುಬರಿಗೆ ಕಾಳು ಅಥವಾ ಹಣ ಕೊಡುವ ಪದ್ಧತಿಯಿತ್ತು. ಬತ್ತಿದ ಕೆರೆಗಳ ಹೂಳನ್ನು ರೈತರು ತಮ್ಮ ಹೊಲಗಳಿಗೆ ಹೊಡೆಯುತ್ತಿದ್ದರು. ಇದರಿಂದ ಕೆರೆಯ ಒಡಲು ಆಳವಾಗುತ್ತಿತ್ತು, ಹೊಲದ ಮಣ್ಣು ಹದವಾಗುತ್ತಿತ್ತು.

ಈ ವ್ಯವಸ್ಥೆಯ ಸುರಕ್ಷತೆಯು ಯಾವುದೇ ಕಾನೂನಿನಿಂದ ಬಂದುದಲ್ಲ. ತಿಪ್ಪೆಯನ್ನು ಕೂಡಿಹಾಕಿದವನೇ ಅದನ್ನು ಹೊಲಕ್ಕೆ ಹಾಕಿ, ಆ ಹೊಲದ ಜೋಳ, ನವಣೆಗಳನ್ನೇ ಉಣ್ಣುತ್ತಿದ್ದನು. ಕೊಳೆಯನ್ನು ಉಂಟುಮಾಡಿದವನೂ ಅದರ ಪರಿಣಾಮವನ್ನು ಅನುಭವಿಸುವವನೂ ಒಬ್ಬನೇ ಆಗಿದ್ದುದರಿಂದ ಏನನ್ನು ತಿಪ್ಪೆಗೆ ಹಾಕಬಾರದು ಎಂಬ ತಿಳಿವಳಿಕೆ ಬಳಕೆಯಿಂದಲೇ ಬೆಳೆದಿತ್ತು. ಆದರೆ ಇದನ್ನು ಸರ್ವಸಮಾನ ವ್ಯವಸ್ಥೆಯೆಂದು ವೈಭವೀಕರಿಸುವಂತಿಲ್ಲ. ಸತ್ತ ದನಗಳನ್ನು ಸಾಗಿಸುವ ಹಾಗೂ ಪಟ್ಟಣಗಳಲ್ಲಿ ಮಲವನ್ನು ಹೊರುವ ಹೊಣೆಯನ್ನು ಕೆಲವು ಜಾತಿಗಳ ಮೇಲೆ ಹೊರಿಸಲಾಗಿತ್ತು. ಕೊಳೆಯ ಲಾಭ ಭೂಮಿಯಿದ್ದವರಿಗೆ, ಅದರ ಮೈಲಿಗೆ ಭೂಮಿಯಿಲ್ಲದವರಿಗೆ ಎಂಬ ಹಂಚಿಕೆ ಆ ಕಾಲದಲ್ಲಿಯೇ ಇದ್ದಿತು.

ಬೆಂಗಳೂರಿನ ಸಂಶೋಧನೆಗಳು

ಪಟ್ಟಣಗಳು ಬೆಳೆದಂತೆ ಕೊಳೆ ಹುಟ್ಟುವ ಸ್ಥಳಕ್ಕೂ ಗೊಬ್ಬರ ಬೇಕಾದ ಹೊಲಕ್ಕೂ ನಡುವೆ ದೂರ ಹೆಚ್ಚಿತು. ಈ ದೂರವನ್ನು ವಿಜ್ಞಾನದ ನೆರವಿನಿಂದ ತುಂಬುವ ಗಂಭೀರ ಪ್ರಯತ್ನ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಚರಂಡಿ ನೀರಿಗೆ ಗಾಳಿಯೂದಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಸರಿನಿಂದಲೇ ನೀರನ್ನು ಶುದ್ಧಗೊಳಿಸುವ ‘ಆಕ್ಟಿವೇಟೆಡ್ ಸ್ಲಡ್ಜ್’ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೆ ಪ್ರಾಧ್ಯಾಪಕರಾಗಿ ಬಂದರು. ಕೊಳೆಯಲ್ಲಿರುವ ಸಾರಜನಕವನ್ನು ನದಿಗೆ ಹರಿಯಬಿಡದೆ ಮಣ್ಣಿಗೆ ಮರಳಿಸಬೇಕೆಂಬುದು ಅವರ ಚಿಂತನೆಯ ತಿರುಳು. ಸಾರಜನಕ ಸಂರಕ್ಷಣೆಯ ಜೀವರಸಾಯನವನ್ನು ಕುರಿತ ಅವರ ಗ್ರಂಥ 1934ರಲ್ಲಿ ಪ್ರಕಟವಾಯಿತು.

ಇದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನವು ‘ಬೆಂಗಳೂರು ವಿಧಾನ’ ಎಂದೇ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಊರಿನ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಆರರಿಂದ ಎಂಟು ತಿಂಗಳು ಬಿಡುವುದು ಈ ವಿಧಾನದ ಸಾರ. ಮೊದಲ ದಿನಗಳಲ್ಲಿ ಹುಟ್ಟುವ ಕಾವು ಮತ್ತು ಅನಂತರದ ದೀರ್ಘ ಕಾಲಾವಧಿ ರೋಗಾಣುಗಳನ್ನೂ ನೊಣದ ಮರಿಗಳನ್ನೂ ತಗ್ಗಿಸುತ್ತವೆ. ಸರ್ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು ಅದಕ್ಕೂ ಮೊದಲು ರೂಪಿಸಿದ್ದ ಇಂದೂರು ವಿಧಾನದಲ್ಲಿ ಪದೇ ಪದೇ ಮಗುಚುವ ಶ್ರಮವಿತ್ತು. ಬೆಂಗಳೂರು ವಿಧಾನದಲ್ಲಿ ಆ ಶ್ರಮ ತಪ್ಪಿದ್ದರಿಂದ ಸಣ್ಣ ಪುರಸಭೆಗಳಿಗೂ ಅದು ಸಾಧ್ಯವೆನಿಸಿತು.

ಈ ಸಂಶೋಧನೆಗಳೆಲ್ಲ ಒಂದು ಪೂರ್ವಗ್ರಹಿಕೆಯ ಮೇಲೆ ನಿಂತಿದ್ದವು. ಊರಿನ ಕೊಳೆಯು ಮೂಲತಃ ಮಣ್ಣಿನಿಂದ ಬಂದ ವಸ್ತು. ಆದ್ದರಿಂದ ರೋಗಾಣುಗಳನ್ನು ನೀಗಿಸಿದರೆ ಅದು ಮಣ್ಣಿಗೆ ಯೋಗ್ಯ ಎಂಬುದೇ ಆ ಗ್ರಹಿಕೆ. ಕಾವು ಮತ್ತು ಕಾಲಗಳಿಂದ ರೋಗಾಣು ಸಾಯುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸಗಳು ಸಾಯುವುದಿಲ್ಲ. ಕಾರ್ಖಾನೆಗಳ ದ್ರವ ಊರಿನ ಚರಂಡಿಗೆ ಬೆರೆತೊಡನೆ ಕೆಸರಿನ ಸ್ವಭಾವವೇ ಬದಲಾಗುತ್ತದೆ. ಅಮೆರಿಕದ ಮಿಲ್ವಾಕೀ ನಗರವು 1926ರಿಂದ ತನ್ನ ಚರಂಡಿ ಕೆಸರನ್ನು ಒಣಗಿಸಿ ಗೊಬ್ಬರವಾಗಿ ಮಾರುತ್ತಾ ಬಂದಿತ್ತು. ಆದರೆ ಕೆಸರಿನಲ್ಲಿರುವ ಭಾರಲೋಹಗಳಿಗೆ ಮಿತಿ ಹಾಕುವ ನಿರ್ದೇಶನವನ್ನು ಯುರೋಪಿನ ಸಮುದಾಯ ಹೊರಡಿಸಿದ್ದು 1986ರಲ್ಲಿ. ಅಮೆರಿಕದಲ್ಲಿ ಅಂತಹ ವಿವರವಾದ ನಿಯಮ ಬಂದದ್ದು 1993ರಲ್ಲಿ. ಭಾರತದ ಪುರಸಭಾ ಘನತ್ಯಾಜ್ಯ ನಿಯಮಗಳು 2000ದಲ್ಲಿ ಕಾಂಪೋಸ್ಟಿನ ಪ್ರತಿ ಕಿಲೋಗ್ರಾಂನಲ್ಲಿ ಕ್ಯಾಡ್ಮಿಯಂ 5, ಸೀಸ 100, ಪಾದರಸ 0.15 ಮಿಲಿಗ್ರಾಂ ಮೀರಬಾರದೆಂದು ಗೊತ್ತುಪಡಿಸಿದವು. ಬಳಕೆ ಮೊದಲು ಬಂದು ಎಚ್ಚರಿಕೆ ತಡವಾಗಿ ಬಂದಿತೆಂಬುದು ಈ ಕಾಲಾನುಕ್ರಮದಿಂದ ಸ್ಪಷ್ಟವಾಗುತ್ತದೆ.

ಕಾರ್ಖಾನೆ ಮತ್ತು ನದಿ

ಬೆಂಗಳೂರಿನ ಈ ಜ್ಞಾನ ತುಂಗಭದ್ರೆಯ ದಂಡೆಗೆ ಬಂದದ್ದು ಗೊಬ್ಬರದ ರೂಪದಲ್ಲಿ ಅಲ್ಲ. ನದಿಯ ಮೇಲ್ಭಾಗದಲ್ಲಿ ಕೈಗಾರಿಕೀಕರಣ ಬಹಳ ಮೊದಲೇ ಆರಂಭವಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು; ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಗೊಂಡಿತು. 1972ರಲ್ಲಿ ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಗ್ವಾಲಿಯರ್ ರೇಯಾನ್ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ಮರದಿಂದ ರೇಯಾನ್ ದರ್ಜೆಯ ತಿರುಳನ್ನು ತಯಾರಿಸತೊಡಗಿತು. 1977ರಲ್ಲಿ ಅಲ್ಲಿಯೇ ಕೃತಕ ನೂಲಿನ ಎಳೆ ತಯಾರಿಸುವ ಘಟಕವೂ ಸೇರಿತು. ಈ ಕಾರ್ಖಾನೆ ನೂರಾರು ಕುಟುಂಬಗಳಿಗೆ ಉದ್ಯೋಗ ನೀಡಿತು, ಹರಿಹರ ಮತ್ತು ರಾಣೆಬೆನ್ನೂರುಗಳ ಆರ್ಥಿಕ ಜೀವನಕ್ಕೆ ಚೈತನ್ಯ ತಂದಿತು ಎಂಬುದನ್ನೂ ಮರೆಯುವಂತಿಲ್ಲ.

ಮರದಿಂದ ತಿರುಳು ತೆಗೆಯುವಾಗ ಅದರ ಲಿಗ್ನಿನ್ ಎಂಬ ಅಂಟು ಕ್ಷಾರದಲ್ಲಿ ಕರಗಿ ಕಡುಕಂದು ಬಣ್ಣದ ದ್ರವವಾಗುತ್ತದೆ. ಕ್ಲೋರಿನ್ನಿನಿಂದ ತಿರುಳನ್ನು ಬಿಳುಪುಗೊಳಿಸಿದರೆ ಸುಲಭವಾಗಿ ಶಿಥಿಲವಾಗದ ಸಂಯುಕ್ತಗಳು ಹುಟ್ಟುತ್ತವೆ. ಎಳೆ ತಯಾರಿಕೆಯಲ್ಲಿ ಗಂಧಕಾಮ್ಲ, ಕಾರ್ಬನ್ ಡೈಸಲ್ಫೈಡ್ ಮತ್ತು ಸತುವಿನ ಲವಣ ಬಳಕೆಯಾಗುತ್ತವೆ. ಇಂಥ ಉದ್ಯಮಗಳಲ್ಲಿ ದ್ರವತ್ಯಾಜ್ಯವನ್ನು ಶುದ್ಧೀಕರಿಸಲು ಅನುಸರಿಸುವ ಮುಖ್ಯ ಕ್ರಮಗಳಲ್ಲಿ ಮ್ಯಾಂಚೆಸ್ಟರಿನ ಅದೇ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನವೂ ಒಂದು. ಆದರೆ ಇಲ್ಲಿ ಉಳಿಯುವ ಕೆಸರು ಫೌಲರ್ ಕಲ್ಪಿಸಿದ ಗೊಬ್ಬರವಲ್ಲ. ನಾರಿನಂಶ, ಸುಣ್ಣದ ಗಸಿ ಹಾಗೂ ರಾಸಾಯನಿಕಗಳಿಂದ ಕೂಡಿದ ಅದನ್ನು ಪರೀಕ್ಷಿಸದೆ ಹೊಲಕ್ಕೆ ಹಾಕುವಂತಿಲ್ಲ, ನದಿಗೂ ಬಿಡುವಂತಿಲ್ಲ.

ಕೇಂದ್ರ ಸರ್ಕಾರದ ಜಲ ಮಾಲಿನ್ಯ ತಡೆ ಕಾಯ್ದೆ 1974ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅಸ್ತಿತ್ವಕ್ಕೆ ಬಂದಿತು. ಅಂದರೆ ತಿರುಳಿನ ಕಾರ್ಖಾನೆಗೆ ಕಾನೂನಿಗಿಂತ ಎರಡು ವರ್ಷ ಹೆಚ್ಚಿನ ವಯಸ್ಸು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಸಾಮಾನ್ಯ ಮಾನದಂಡಗಳಂತೆ ನದಿಗೆ ಬಿಡುವ ದ್ರವದ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ, ನೀರಾವರಿಗಾಗಿ ಭೂಮಿಗೆ ಬಿಡುವ ದ್ರವದ್ದು 100 ಮಿಲಿಗ್ರಾಂ ಮೀರಬಾರದು. ಈ ಅಳತೆಗಳು ಕೊಳವೆಯ ಬಾಯಿಯಲ್ಲಿರುವ ದ್ರವದ ಸಾಂದ್ರತೆಯನ್ನು ಹೇಳುತ್ತವೆ. ಅದನ್ನು ಪಡೆಯುವ ನದಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೇಳುವುದಿಲ್ಲ. ಶ್ರಾವಣದಲ್ಲಿ ಎರಡೂ ದಂಡೆ ತುಂಬಿ ಹರಿಯುವ ತುಂಗಭದ್ರೆ ಚೈತ್ರದ ಹೊತ್ತಿಗೆ ಮರಳಿನ ನಡುವಿನ ತೆಳು ಧಾರೆಯಾಗುತ್ತದೆ. ಮಳೆಗಾಲದಲ್ಲಿ ಕಣ್ಮರೆಯಾಗುವ ತ್ಯಾಜ್ಯವೇ ಬೇಸಿಗೆಯಲ್ಲಿ ನದಿಯ ಮುಖ್ಯ ಪ್ರವಾಹವಾಗಬಹುದು. ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಜಾತ್ರೆಗೆ ನೆರೆಯುವ ಭಕ್ತರು ನದಿಗಿಳಿಯುವುದು ನೀರು ಇಳಿಮುಖವಾಗಿರುವ ಕಾಲದಲ್ಲಿಯೇ.

ದಂಡೆಯ ಜನರ ಪ್ರತಿರೋಧ

ನದಿಯಲ್ಲಾದ ಬದಲಾವಣೆಯನ್ನು ಮೊದಲು ಗುರುತಿಸಿದವರು ಕೆಳಹರಿವಿನ ಹಳ್ಳಿಗರು ಮತ್ತು ಮೀನುಗಾರರು. ನೀರಿನ ಬಣ್ಣ ಮತ್ತು ವಾಸನೆ ಬದಲಾಗಿದೆ, ಮೀನುಗಳು ಸಾಯುತ್ತಿವೆ, ದನಗಳು ನೀರು ಕುಡಿಯಲು ಹಿಂಜರಿಯುತ್ತಿವೆ, ಮೈ ತೊಳೆದವರಿಗೆ ಚರ್ಮದ ಬಾಧೆ ಕಾಣಿಸುತ್ತಿದೆ ಎಂದು ಅವರು ದೂರಿದರು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಭಾಗದಲ್ಲಿ ಗ್ರಾಮೀಣಾಭಿವೃದ್ಧಿ ಕಾರ್ಯದಲ್ಲಿ ತೊಡಗಿದ್ದ ಎಸ್. ಆರ್. ಹಿರೇಮಠ ಮತ್ತು ಅವರ ಸಂಗಾತಿಗಳು ಈ ದೂರುಗಳನ್ನು ಸಂಘಟಿತ ಚಳವಳಿಯ ರೂಪಕ್ಕೆ ತಂದರು. 1984ರಲ್ಲಿ ಸ್ಥಾಪನೆಯಾದ ಸಮಾಜ ಪರಿವರ್ತನ ಸಮುದಾಯದ ಆರಂಭಿಕ ಕಾರ್ಯಗಳಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧದ ಹೋರಾಟ ಪ್ರಮುಖವಾಗಿತ್ತು.

ಈ ಹೋರಾಟ ನದಿಗೆ ಸೀಮಿತವಾಗಿ ಉಳಿಯಲಿಲ್ಲ. ಅದೇ 1984ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ರಚನೆಗೊಂಡಿತು. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶವಾಗಿತ್ತು. ದನಕರುಗಳ ಮೇವು ಮತ್ತು ಉರುವಲುಗಳಿಗೆ ಆ ಭೂಮಿಯನ್ನೇ ಅವಲಂಬಿಸಿದ್ದ ಗ್ರಾಮಸ್ಥರು ಇದನ್ನು ವಿರೋಧಿಸಿದರು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು.

ಈ ಎರಡೂ ಹೋರಾಟಗಳನ್ನು ಒಟ್ಟಿಗೆ ನೋಡಿದಾಗ ಅವುಗಳ ಐತಿಹಾಸಿಕ ಮಹತ್ವ ತಿಳಿಯುತ್ತದೆ. ಉದ್ಯಮದ ಒಂದು ತುದಿಯಲ್ಲಿ ಗೋಮಾಳವು ಕಚ್ಚಾವಸ್ತುವಿನ ತೋಟವಾಯಿತು. ಇನ್ನೊಂದು ತುದಿಯಲ್ಲಿ ನದಿಯು ತ್ಯಾಜ್ಯದ ಗುಂಡಿಯಾಯಿತು. ಎರಡೂ ಊರಿನ ಸಾಮುದಾಯಿಕ ಆಸ್ತಿಗಳೇ. ಸಾಮುದಾಯಿಕ ಭೂಮಿಯ ವಿಷಯದಲ್ಲಿ ಜನರಿಗೆ ಸ್ಪಷ್ಟವಾದ ಗೆಲುವು ದೊರೆಯಿತು. ನದಿಯ ವಿಷಯದಲ್ಲಿ ಅಂತಹ ನಿರ್ಣಾಯಕ ದಿನ ಬರಲಿಲ್ಲ. ಭೂಮಿಗೆ ಊರೆಂಬ ಒಡೆಯನಿದ್ದನು, ಕಿತ್ತು ನೆಡಲು ಸಸಿಯಿತ್ತು. ಹರಿಯುವ ನೀರಿಗೆ ಅಂತಹ ನೆಲೆಯಿಲ್ಲ. ಇದೇ ಉದ್ಯಮ ಸಮೂಹವು ಕೇರಳದ ಚಾಲಿಯಾರ್ ನದಿಯ ದಂಡೆಯ ಮಾವೂರಿನಲ್ಲಿ 1963ರಿಂದ ನಡೆಸುತ್ತಿದ್ದ ಕಾರ್ಖಾನೆಯು ದೀರ್ಘ ಜನಾಂದೋಲನ ಮತ್ತು ಆರ್ಥಿಕ ಕಾರಣಗಳ ನಡುವೆ 2001ರ ಹೊತ್ತಿಗೆ ಪೂರ್ಣವಾಗಿ ಮುಚ್ಚಿತು. ಕುಮಾರಪಟ್ಟಣದಲ್ಲಿ ಕಾರ್ಖಾನೆ ಮುಂದುವರಿಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕರ್ನಾಟಕದ 17 ನದೀಭಾಗಗಳು ಕಲುಷಿತವೆಂದು ದಾಖಲಾದವು. ಅವುಗಳಲ್ಲಿ ಭದ್ರಾ ಮತ್ತು ತುಂಗಭದ್ರಾ ಎರಡೂ ಇದ್ದವು. ಇದಕ್ಕೆ ಕಾರ್ಖಾನೆಗಳನ್ನಷ್ಟೇ ಹೊಣೆ ಮಾಡುವಂತಿಲ್ಲ. ದಂಡೆಯ ಊರುಗಳ ಚರಂಡಿ ನೀರೂ ಇದೇ ನದಿಯನ್ನು ಸೇರುತ್ತದೆ.

ಜಲಾಶಯದ ಹೂಳು

ಹರಿದು ಬಂದದ್ದೆಲ್ಲ ನಿಲ್ಲುವ ಸ್ಥಳ ಜಲಾಶಯ. 378 ಚದರ ಕಿಲೋಮೀಟರ್ ವಿಸ್ತಾರದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯಂತೆ ಅದು 105.788 ಟಿಎಂಸಿ ಅಡಿಗೆ ಇಳಿದಿತ್ತು. ಈ ಹೂಳಿನ ಬಹುಪಾಲು ಜಲಾನಯನದ ಸವೆದ ಮಣ್ಣು. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ ನಡೆಯುತ್ತಿದ್ದ ಅದಿರು ಗಣಿಗಾರಿಕೆಯ ತ್ಯಾಜ್ಯವನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ಸಂಗ್ರಹಿಸಲಾಗುತ್ತಿತ್ತು. ಆದರೂ ಮಳೆಗಾಲದಲ್ಲಿ ಭದ್ರೆ ಸೇರುತ್ತಿದ್ದ ಹೂಳು ವಿವಾದದ ಮುಖ್ಯ ವಿಷಯವಾಗಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು.

2017ರ ಬೇಸಿಗೆಯಲ್ಲಿ ಜಲಾಶಯದ ಹೂಳನ್ನು ತೆಗೆಯಲು ರೈತರು ತಾವೇ ಮುಂದಾದರು. ಸಾಗಿಸಿದ ಮಣ್ಣು ಹೊಲಗಳಿಗೆ ಹೋಯಿತು. ಕೆರೆಯ ಹೂಳು ಹೊಡೆಯುವ ಹಳೆಯ ಪದ್ಧತಿಯೇ ಇಲ್ಲಿ ಮರಳಿ ಕಾಣಿಸಿಕೊಂಡಿತೆನ್ನಬಹುದು. ಆದರೆ ಕೆರೆಯ ಹೂಳು ಊರ ಸುತ್ತಲಿನ ಹೊಲಗಳಿಂದ ಬಂದ ಮಣ್ಣು. ಅದರ ಮೂಲ ಊರವರಿಗೆ ಗೊತ್ತು. ಜಲಾಶಯದ ಹೂಳು ಹಲವು ಜಿಲ್ಲೆಗಳ ಮಣ್ಣು, ಚರಂಡಿ, ಕಾರ್ಖಾನೆಗಳನ್ನು ಹಾದು ಬಂದದ್ದು. ಲೋಹಗಳು ನೀರಿಗಿಂತ ನುಣುಪಾದ ಹೂಳಿನ ಕಣಗಳಿಗೆ ಹೆಚ್ಚು ಅಂಟಿಕೊಳ್ಳುವ ಸ್ವಭಾವದವು. ಆದ್ದರಿಂದ ಆ ಹೂಳನ್ನು ವಿಷವೆಂದು ದೂಡುವುದೂ ಅಮೃತವೆಂದು ನಂಬುವುದೂ ಸಮಂಜಸವಲ್ಲ. ತೆಗೆಯುವ ಸ್ಥಳಕ್ಕನುಗುಣವಾಗಿ ಪರೀಕ್ಷಿಸಿ ಬಳಸುವುದೇ ಸೂಕ್ತ ಮಾರ್ಗ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಈ ಸೀಮೆಯ ನೀರಿನ ಗುಣವು ಅಂತರರಾಷ್ಟ್ರೀಯ ಹೊಣೆಗಾರಿಕೆಯೂ ಆಗಿದೆ.

ಊರಿನ ಕೊಳೆಗೆ ಮರಳಿದ ವಿಧಾನ

ಕರ್ನಾಟಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧಕ್ಕೆ ಕಾರಣರಾದರು. 1993 ಮತ್ತು 2013ರ ಕೇಂದ್ರ ಕಾಯ್ದೆಗಳು ಈ ನಿಷೇಧವನ್ನು ದೇಶವ್ಯಾಪಿಯಾಗಿ ಬಲಪಡಿಸಿದವು. 2014ರ ಅನಂತರ ಶೌಚಾಲಯಗಳ ಸಂಖ್ಯೆ ಹೆಚ್ಚಿದಂತೆ ಗುಂಡಿಗಳಲ್ಲಿ ತುಂಬುವ ಮಲದ ಕೆಸರು ಸಣ್ಣ ಪಟ್ಟಣಗಳ ಹೊಸ ಪ್ರಶ್ನೆಯಾಯಿತು. 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕದಲ್ಲಿ ಒಣಗಿದ ಕೆಸರನ್ನು ಊರಿನ ಹಸಿಕಸದೊಡನೆ ಸೇರಿಸಿ ಗೊಬ್ಬರ ಮಾಡುವ ಕ್ರಮವನ್ನು ಅನುಸರಿಸಲಾಯಿತು. ಆಚಾರ್ಯರ ಕಂದಕದ ತತ್ವವೇ ಇಲ್ಲಿ, ಮನುಷ್ಯ ಕೈಯಿಂದ ಮುಟ್ಟದ ರೀತಿಯಲ್ಲಿ, ಮರುಹುಟ್ಟು ಪಡೆದಿದೆ. ಹಳ್ಳಿಗಳಲ್ಲಿ ಎರಡು ಗುಂಡಿಯ ಶೌಚಾಲಯವೂ ಇದೇ ತತ್ವದ್ದು. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಒಂದೂವರೆಯಿಂದ ಎರಡು ವರ್ಷ ಬಿಟ್ಟರೆ ಅದು ಗೊಬ್ಬರವಾಗಿ ತೆಗೆಯಲು ಯೋಗ್ಯವಾಗುತ್ತದೆ.

ಕಾರ್ಖಾನೆಗಳ ಬೆರಕೆಯಿಲ್ಲದ ಸಣ್ಣ ಪಟ್ಟಣಗಳ ಕೆಸರಿಗೆ ಈ ಮಾರ್ಗ ಹೊಂದುತ್ತದೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳಂತಹ ಬೇಸಾಯವನ್ನು ಸುತ್ತುವರಿದ ಊರುಗಳಿಗೆ ದೊಡ್ಡ ನಗರಗಳಿಗಿಲ್ಲದ ಅನುಕೂಲ ಇಲ್ಲಿಯೇ ಇದೆ. ಅಪಾಯಕಾರಿ ಕೈಗಾರಿಕಾ ತ್ಯಾಜ್ಯದ ದಾರಿ ಇದಕ್ಕಿಂತ ಭಿನ್ನ. 1989ರಲ್ಲಿ ಮೊದಲು ಬಂದು, 2008 ಮತ್ತು 2016ರಲ್ಲಿ ಪುನಾರಚನೆಗೊಂಡ ನಿಯಮಗಳು ಅದನ್ನು ಹುಟ್ಟಿದ ಸ್ಥಳದಿಂದ ಅಂತಿಮ ವಿಲೇವಾರಿಯವರೆಗೆ ದಾಖಲೆಯೊಡನೆ ಸಾಗಿಸಬೇಕೆನ್ನುತ್ತವೆ. ಒಂದನ್ನು ಮಣ್ಣಿಗೆ ಮರಳಿಸಬೇಕು, ಇನ್ನೊಂದನ್ನು ಮಣ್ಣಿನಿಂದ ದೂರವಿಡಬೇಕು. ಎರಡೂ ಬೆರೆತರೆ ಎರಡೂ ದಾರಿಗಳು ಮುಚ್ಚುತ್ತವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಿಪ್ಪೆಯ ಕಾಲದಲ್ಲಿ ಕೊಳೆಯ ಕರ್ತೃವೂ ಭೋಕ್ತೃವೂ ಬಹುಮಟ್ಟಿಗೆ ಒಂದೇ ಮನೆಯವರಾಗಿದ್ದರು. ಪಟ್ಟಣದ ಕಾಲದಲ್ಲಿ ಅವರಿಬ್ಬರೂ ಬೇರ್ಪಟ್ಟರು. ಆ ಅಂತರವನ್ನು ಬೆಂಗಳೂರಿನ ವಿಜ್ಞಾನಿಗಳು ವಿಧಾನಗಳಿಂದ ತುಂಬಲು ಯತ್ನಿಸಿದರು. ಕಾರ್ಖಾನೆಯ ಕಾಲದಲ್ಲಿ ತ್ಯಾಜ್ಯ ಒಂದು ಜಿಲ್ಲೆಯಲ್ಲಿ ಹುಟ್ಟಿ ಇನ್ನೊಂದು ಜಿಲ್ಲೆಯನ್ನು ತಲುಪತೊಡಗಿತು. ಕಾನೂನು ಅದನ್ನು ಹೊರಬೀಳುವ ಕೊಳವೆಯ ಬಾಯಿಯಲ್ಲಿ ಅಳೆಯಿತು. ಕುರುವತ್ತಿ, ಮೈಲಾರ, ಮದಲಗಟ್ಟಿಗಳ ಸ್ನಾನಘಟ್ಟಗಳಲ್ಲಿ ಮತ್ತು ಹಿನ್ನೀರಿನ ಮೀನುಗಾರನ ಬಲೆಯಲ್ಲಿ ಅದರ ಪರಿಣಾಮವನ್ನು ಕಂಡವರ ಮಾತಿಗೆ ಆ ಅಳತೆಯಲ್ಲಿ ಸ್ಥಾನ ದೊರೆಯಲಿಲ್ಲ.

ತುಂಗಭದ್ರೆಯನ್ನು ಜಿಲ್ಲೆಗಳ ಗಡಿಯೆಂದಲ್ಲದೆ ಕೂಡ್ಲಿಯಿಂದ ಜಲಾಶಯದವರೆಗಿನ ಒಂದೇ ಜಲಘಟಕವೆಂದು ಪರಿಗಣಿಸಿ, ತ್ಯಾಜ್ಯವು ತಲುಪುವ ಸ್ಥಳದಲ್ಲಿಯೂ, ಬೇಸಿಗೆಯ ಕನಿಷ್ಠ ಹರಿವಿನ ಕಾಲದಲ್ಲಿಯೂ ಅಳತೆ ಮಾಡುವ ವ್ಯವಸ್ಥೆ ರೂಪುಗೊಳ್ಳಬೇಕಾದುದು ಅವಶ್ಯ. ಹಾಗೆಯೇ ನದೀತೀರದ ಗ್ರಾಮಗಳಲ್ಲಿ, ಮೀನುಗಾರ ಸಮುದಾಯಗಳಲ್ಲಿ ಉಳಿದಿರುವ 1970 ಮತ್ತು 80ರ ದಶಕಗಳ ನೆನಪುಗಳನ್ನು ಆ ತಲೆಮಾರು ಮರೆಯಾಗುವ ಮುನ್ನ ಸಂಗ್ರಹಿಸುವುದು ಸ್ಥಳೀಯ ಇತಿಹಾಸದ ಸಂಶೋಧಕರ ಮುಂದಿರುವ ಕರ್ತವ್ಯವಾಗಿದೆ.